ಸಿಹಿನೀರಿನ ಮೇಲಿನ ಪಾಠಶಾಲೆ: ಮಿಷಿಗನ್ ಸರೋವರದ ಎರಡು ವಿಮಾನವಾಹಕ ಹಡಗುಗಳ ಪ್ರಕರಣ

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಸುರಿಸಿದಾಗ ಅಮೆರಿಕದ ನೌಕಾಪಡೆಯ ಬಳಿ ದೊಡ್ಡ ವಿಮಾನವಾಹಕ ಹಡಗುಗಳು ಏಳೇ ಏಳು ಇದ್ದವು. ಹನ್ನೊಂದು ತಿಂಗಳೊಳಗೆ ಅವುಗಳಲ್ಲಿ ನಾಲ್ಕು ಸಮುದ್ರದ ತಳ ಸೇರಿದವು. 1942ರ ಮೇ ತಿಂಗಳಲ್ಲಿ ಲೆಕ್ಸಿಂಗ್ಟನ್, ಜೂನ್‌ನಲ್ಲಿ ಯಾರ್ಕ್‌ಟೌನ್, ಸೆಪ್ಟೆಂಬರ್‌ನಲ್ಲಿ ವಾಸ್ಪ್, ಅಕ್ಟೋಬರ್‌ನಲ್ಲಿ ಹಾರ್ನೆಟ್ ಹೋದವು. ಅತ್ತ ಹಡಗುಕಟ್ಟೆಗಳಲ್ಲಿ ಹೊಸ ಹಡಗುಗಳು ಏಳುತ್ತಿದ್ದವು. ಇತ್ತ ಪೆನ್ಸಕೋಲ, ಕಾರ್ಪಸ್ ಕ್ರಿಸ್ಟಿಯಂಥ ತರಬೇತಿ ಕೇಂದ್ರಗಳಿಂದ ಹತ್ತೊಂಬತ್ತು, ಇಪ್ಪತ್ತು ವರ್ಷದ ಪೈಲಟ್‌ಗಳು ಸಾವಿರಗಟ್ಟಲೆ ಹೊರಬರುತ್ತಿದ್ದರು. ಎರಡರ ನಡುವೆ ಒಂದು ಕೊಂಡಿ ಮಾತ್ರ ಇರಲಿಲ್ಲ. ನೆಲದ ರನ್‌ವೇ ಮೇಲೆ ಇಳಿಯಬಲ್ಲ ಹುಡುಗ ಚಲಿಸುವ ಹಡಗಿನ ಮೇಲೂ ಇಳಿಯಬಲ್ಲನೇ ಎಂದು ಪರೀಕ್ಷಿಸಲು ಹಡಗು ಬೇಕಿತ್ತು, ಇದ್ದ ಹಡಗುಗಳೆಲ್ಲ ಯುದ್ಧದಲ್ಲಿದ್ದವು.

ನಮ್ಮ ರೈತನಿಗೆ ಈ ಇಕ್ಕಟ್ಟು ಹೊಸದಲ್ಲ. ಬರಗಾಲದಲ್ಲಿ ಮನೆಯಲ್ಲಿ ಉಳಿದಿರುವುದು ಬಿತ್ತನೆಯ ಬೀಜ ಒಂದೇ. ಅದನ್ನು ಕುಟ್ಟಿ ಉಂಡರೆ ಇವತ್ತಿನ ಹಸಿವು ತೀರುತ್ತದೆ, ಮುಂದಿನ ಸುಗ್ಗಿ ಇಲ್ಲ. ಉಣ್ಣದೆ ಇಟ್ಟರೆ ಸುಗ್ಗಿಯವರೆಗೆ ಜೀವ ಹಿಡಿದುಕೊಳ್ಳಬೇಕು. ಯುದ್ಧದಿಂದ ಒಂದು ವಿಮಾನವಾಹಕವನ್ನು ಹಿಂದಕ್ಕೆ ಕರೆಸಿ ಪಾಠಕ್ಕೆ ನಿಲ್ಲಿಸಿದರೆ ಪೆಸಿಫಿಕ್ ಸಾಗರದಲ್ಲಿ ಸೋಲು. ಕರೆಸದಿದ್ದರೆ ಮುಂದಿನ ವರ್ಷ ಹೊಸ ಹಡಗುಗಳು ಬಂದಾಗ ಅವುಗಳ ಮೇಲೆ ಇಳಿಯಬಲ್ಲವರೇ ಇಲ್ಲ. ಅಮೆರಿಕದ ನೌಕಾಪಡೆ ಈ ಇಕ್ಕಟ್ಟಿನಿಂದ ಪಾರಾದದ್ದು ಕಲ್ಲಿದ್ದಲು ಉರಿಸುತ್ತ, ಪಕ್ಕದ ಗಾಲಿಗಳನ್ನು ತಿರುಗಿಸುತ್ತ ಸರೋವರದಲ್ಲಿ ಓಡಾಡುತ್ತಿದ್ದ ಎರಡು ಹಳೆಯ ಪ್ರಯಾಣಿಕರ ಹಡಗುಗಳಿಂದ. ಯುದ್ಧದ ಇತಿಹಾಸ ಬರೆಯುವವರು ಈ ಹಡಗುಗಳಿಗೆ ಒಂದೆರಡು ಸಾಲು ಕೊಟ್ಟು ಮುಂದೆ ಹೋಗುತ್ತಾರೆ. ಅಷ್ಟು ಸಾಲದು ಎಂಬುದೇ ನಾನು ಇದನ್ನು ಬರೆಯಲು ಕಾರಣ.

ಸರೋವರವೇ ಏಕೆ

ಈ ಯೋಚನೆಯನ್ನು ಮುಂದಿಟ್ಟವರು ಕಮಾಂಡರ್ ರಿಚರ್ಡ್ ವೈಟ್‌ಹೆಡ್ ಎಂಬ ನೌಕಾ ಅಧಿಕಾರಿ. ಷಿಕಾಗೊ ಬಳಿಯ ಗ್ರೇಟ್ ಲೇಕ್ಸ್ ನೌಕಾ ತರಬೇತಿ ಕೇಂದ್ರದಲ್ಲಿ ವೈಮಾನಿಕ ವಿಷಯಗಳ ಹೊಣೆ ಹೊತ್ತಿದ್ದವರು. ಅವರ ವಾದ ಸರಳವಾಗಿತ್ತು. ಸಮುದ್ರ ತೀರದಲ್ಲಿ ತರಬೇತಿ ಹಡಗು ಓಡಿಸಿದರೆ ಅದು ಶತ್ರುವಿನ ಜಲಾಂತರ್ಗಾಮಿಗಳ ಬಾಯಿಗೆ ಇಟ್ಟ ತುತ್ತು. 1942ರ ಮೊದಲ ತಿಂಗಳುಗಳಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಅಮೆರಿಕದ ಪೂರ್ವ ಕರಾವಳಿಯ ಕಣ್ಣೆದುರಿಗೇ ಸರಕು ಹಡಗುಗಳನ್ನು ಮುಳುಗಿಸುತ್ತಿದ್ದವು. ತರಬೇತಿ ಹಡಗನ್ನು ಕಾಯಲು ಬೆಂಗಾವಲು ನೌಕೆಗಳು ಬೇಕಾಗುತ್ತಿದ್ದವು, ಆ ನೌಕೆಗಳಿಗೂ ಬೇರೆ ಕಡೆ ಕೆಲಸವಿತ್ತು. ಒಳನಾಡಿನ ಮಿಷಿಗನ್ ಸರೋವರಕ್ಕಾದರೆ ಶತ್ರು ಬರುವ ದಾರಿಯೇ ಇಲ್ಲ. ಉದ್ದ ಸುಮಾರು 490 ಕಿಲೋಮೀಟರ್, ಅಗಲ ಕೆಲವೆಡೆ 190 ಕಿಲೋಮೀಟರ್. ನಡುವೆ ನಿಂತರೆ ಯಾವ ದಿಕ್ಕಿಗೂ ದಡ ಕಾಣದು. ನೀರು ಸಿಹಿ ಎಂಬುದನ್ನು ಬಿಟ್ಟರೆ ಪೈಲಟ್‌ನ ಕಣ್ಣಿಗೆ ಅದು ಸಮುದ್ರವೇ.

ಒಳನಾಡಿನ ನೀರನ್ನು ಯುದ್ಧದ ವಿಮಾನಗಳಿಗೆ ಬಳಸಿದ್ದು ಅಲ್ಲಿ ಮಾತ್ರವಲ್ಲ. ಅದೇ ವರ್ಷಗಳಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ಮೇಲೆ ಕ್ಯಾಟಲೀನಾ ಎಂಬ ದೊಡ್ಡ ನೀರುವಿಮಾನಗಳು ಇಳಿಯುತ್ತಿದ್ದವು, ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ದುರಸ್ತಿಯಾಗಿ ಮತ್ತೆ ಹಾರಿಹೋಗುತ್ತಿದ್ದವು. ಇವತ್ತು ಆ ಕೆರೆಯ ಪಕ್ಕದ ವಾಹನ ದಟ್ಟಣೆಯಲ್ಲಿ ನಿಂತವರಿಗೆ ಇದನ್ನು ನಂಬುವುದು ಕಷ್ಟ. ಆದರೆ ಬೆಳ್ಳಂದೂರಿನಲ್ಲಿ ಕೆರೆಯೇ ರನ್‌ವೇ. ಮಿಷಿಗನ್‌ನಲ್ಲಿ ನೀರಿನ ಮೇಲೆ ರನ್‌ವೇಯನ್ನೇ ತೇಲಿಸಬೇಕಿತ್ತು.

ಭೋಜನಶಾಲೆ ಹೋಗಿ ಡೆಕ್ ಬಂತು

ಸೀಅಂಡ್‌ಬೀ ಎಂಬ ಹಡಗು 1912ರ ನವೆಂಬರ್‌ನಲ್ಲಿ ನೀರಿಗಿಳಿದದ್ದು. ಕ್ಲೀವ್‌ಲ್ಯಾಂಡ್ ಮತ್ತು ಬಫಲೊ ನಗರಗಳ ನಡುವೆ ಈರಿ ಸರೋವರದಲ್ಲಿ ರಾತ್ರಿ ಪ್ರಯಾಣಿಕರನ್ನು ಸಾಗಿಸುತ್ತಿತ್ತು. ಎರಡು ಊರುಗಳ ಮೊದಲಕ್ಷರಗಳಾದ ‘ಸಿ’ ಮತ್ತು ‘ಬಿ’ ಸೇರಿಯೇ ಆ ಹೆಸರು. ಐನೂರಕ್ಕೂ ಹೆಚ್ಚು ಕೋಣೆಗಳು, ನಾಲ್ಕು ಹೊಗೆಕೊಳವೆಗಳು. ಎರಡೂ ಪಕ್ಕದಲ್ಲಿ ನೀರನ್ನು ಬಡಿದು ಹಡಗನ್ನು ಮುಂದಕ್ಕೆ ತಳ್ಳುವ ಬೃಹತ್ ಗಾಲಿಗಳು. ಮೂವತ್ತು ವರ್ಷ ದುಡಿದ ಈ ಹಡಗನ್ನು ನೌಕಾಪಡೆ 1942ರ ಮಾರ್ಚ್ 12ರಂದು ವಶಕ್ಕೆ ತೆಗೆದುಕೊಂಡಿತು. ಬಫಲೊದ ಹಡಗುಕಟ್ಟೆಯಲ್ಲಿ ಮೇಲಿನ ಅಂತಸ್ತುಗಳನ್ನೆಲ್ಲ ಕತ್ತರಿಸಿ ಹಾಕಿದರು. ಮೇಲೆ 550 ಅಡಿ ಉದ್ದದ ಮರದ ಡೆಕ್ ಹಾಸಿದರು. ಹೊಗೆಕೊಳವೆಗಳನ್ನೂ ಕಪ್ತಾನ ನಿಲ್ಲುವ ಕಟ್ಟೆಯನ್ನೂ ಬಲಪಕ್ಕಕ್ಕೆ ಸರಿಸಿದರು. ಆಗಸ್ಟ್ 12ರಂದು ‘ವುಲ್ವರೀನ್’ ಎಂಬ ಹೊಸ ಹೆಸರಿನಲ್ಲಿ ಅದು ನೌಕಾಪಡೆಯ ಸೇವೆಗೆ ಸೇರಿತು. ವಶಕ್ಕೆ ತೆಗೆದುಕೊಂಡ ದಿನದಿಂದ ಎಣಿಸಿದರೆ ಸರಿಯಾಗಿ ಐದು ತಿಂಗಳು.

ಎರಡನೆಯದು ಗ್ರೇಟರ್ ಬಫಲೊ, 1923ರಲ್ಲಿ ನೀರಿಗಿಳಿದ ಹಡಗು. ಅದನ್ನು 1942ರ ಆಗಸ್ಟ್‌ನಲ್ಲಿ ಪಡೆದು, ‘ಸೇಬಲ್’ ಎಂದು ಹೆಸರಿಟ್ಟು, 1943ರ ಮೇ 8ರಂದು ಸೇವೆಗೆ ಸೇರಿಸಿದರು. ಇದರ ಡೆಕ್ ಉಕ್ಕಿನದು. ಎರಡೂ ಹಡಗುಗಳು ಬಫಲೊದಿಂದ ಈರಿ, ಹ್ಯೂರಾನ್ ಸರೋವರಗಳನ್ನು ದಾಟಿ, ಮ್ಯಾಕಿನಾ ಜಲಸಂಧಿಯಲ್ಲಿ ನುಸುಳಿ ಷಿಕಾಗೊ ಸೇರಿದವು. ಪಕ್ಕದ ಗಾಲಿಗಳಿಂದ ಓಡಿದ ವಿಮಾನವಾಹಕಗಳು ಅಮೆರಿಕದ ನೌಕಾಪಡೆಯಲ್ಲಿ ಇವೆರಡೇ.

ಈ ಹಡಗುಗಳಿಗೆ ಏನನ್ನು ಕೊಡಲಿಲ್ಲ ಎಂಬುದನ್ನು ಗಮನಿಸಬೇಕು. ಡೆಕ್‌ನ ಕೆಳಗೆ ವಿಮಾನ ಇಡುವ ಕೊಟ್ಟಿಗೆ ಇಲ್ಲ, ವಿಮಾನಗಳನ್ನು ಕೆಳಗಿಳಿಸುವ ಲಿಫ್ಟ್ ಇಲ್ಲ, ರಕ್ಷಾಕವಚವಿಲ್ಲ. ಯುದ್ಧಹಡಗು ಎಂದರೆ ಏನೇನು ಇರಬೇಕೆಂದು ನೌಕಾಪಡೆ ಭಾವಿಸುತ್ತದೋ ಅದರಲ್ಲಿ ಹೆಚ್ಚಿನದನ್ನು ಬಿಟ್ಟುಬಿಟ್ಟರು. ಉಳಿಸಿಕೊಂಡದ್ದು ಚಲಿಸುವ ಡೆಕ್, ಅದರ ಮೇಲೆ ಅಡ್ಡಡ್ಡ ಎಳೆದ ಉಕ್ಕಿನ ತಂತಿಗಳು, ಸಂಜ್ಞೆ ತೋರಿಸುವ ಅಧಿಕಾರಿ, ಅಷ್ಟೆ. ಪೈಲಟ್ ಕಲಿಯಬೇಕಾದದ್ದೂ ಅಷ್ಟೇ. ಈ ಪ್ರಕರಣದ ಜಾಣತನವೆಲ್ಲ ಅಲ್ಲಿದೆ ಎಂದು ನನಗೆ ಅನಿಸುತ್ತದೆ. ಪೂರ್ತಿ ವಿಮಾನವಾಹಕವನ್ನು ಚಿಕ್ಕದಾಗಿ ಕಟ್ಟಲು ಹೊರಟಿದ್ದರೆ ಆ ಐದು ತಿಂಗಳು ನಕ್ಷೆ ಬರೆಯುವುದಕ್ಕೇ ಸಾಲುತ್ತಿರಲಿಲ್ಲ.

ಕೊಡದೆ ಉಳಿದದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಡೆಕ್ ಮೇಲೆ ವಿಮಾನವೊಂದು ಕಾಲು ಮುರಿದುಕೊಂಡು ಕೂತರೆ ಅದನ್ನು ಸಾಗಿಸಲು ಕೆಳಗೆ ಜಾಗವಿಲ್ಲ. ಒಂದು ಮೂಲೆಗೆ ತಳ್ಳಿ ಕೆಲಸ ಮುಂದುವರಿಸುವರು. ಹೀಗೆ ಕೆಟ್ಟ ವಿಮಾನಗಳು ಸೇರಿ ಜಾಗ ತುಂಬಿದರೆ ಅವತ್ತಿನ ಪಾಠ ಮುಗಿಯಿತು. ಹಡಗು ಷಿಕಾಗೊದ ಕಟ್ಟೆಗೆ ಹಿಂತಿರುಗಿ ಅವನ್ನು ಇಳಿಸಿ ಬರಬೇಕು.

ಹದಿನೈದು ಸೆಕೆಂಡುಗಳು

ತರಬೇತಿ ನಡೆಯುತ್ತಿದ್ದದ್ದು ಹೀಗೆ. ಹೊಸ ಪೈಲಟ್‌ಗಳು ಷಿಕಾಗೊದ ಉತ್ತರಕ್ಕಿರುವ ಗ್ಲೆನ್‌ವ್ಯೂ ನೌಕಾ ವಿಮಾನ ನಿಲ್ದಾಣಕ್ಕೆ ಬರುತ್ತಿದ್ದರು. ಅಲ್ಲಿ ರನ್‌ವೇಯ ಮೇಲೆಯೇ ಡೆಕ್ ಇದೆಯೆಂದು ಭಾವಿಸಿ ಇಳಿಯುವ ಅಭ್ಯಾಸ. ಅದು ಹಿಡಿತಕ್ಕೆ ಬಂದ ಮೇಲೆ ಚಿಕ್ಕ ಗುಂಪುಗಳಲ್ಲಿ ಸರೋವರದ ಕಡೆಗೆ. ವಿಲ್ಮೆಟ್ ಊರಿನ ದಡದಲ್ಲಿ ಬೆಳ್ಳಗೆ ನಿಂತಿರುವ ಬಹಾಯಿ ಮಂದಿರದ ಗುಮ್ಮಟ ಅವರಿಗೆ ಗುರುತು. ಅದನ್ನು ದಾಟಿದರೆ ನೀರು, ನೀರಿನಾಚೆ ಕಲ್ಲಿದ್ದಲ ಹೊಗೆಯ ಒಂದು ಗೆರೆ, ಗೆರೆಯ ಬುಡದಲ್ಲಿ ಹಡಗು.

ಮೇಲಿನಿಂದ ನೋಡಿದರೆ ಆ ಡೆಕ್ ಎಷ್ಟಿರಬಹುದೋ ಊಹಿಸಿ. ಇನ್ನು ಹತ್ತಿರ ಬಂದಂತೆ ಅದು ಕಾಣುವುದೇ ಇಲ್ಲ. ಆ ಕಾಲದ ಫೈಟರ್ ವಿಮಾನಗಳ ಮೂತಿ ಉದ್ದ, ಎಂಜಿನ್ ಎದುರಿಗೆ, ಮೂತಿ ಎತ್ತಿಕೊಂಡು ನಿಧಾನವಾಗಿ ಬರುವಾಗ ಪೈಲಟ್‌ಗೆ ಮುಂದಿನ ಡೆಕ್ ಮರೆಯಾಗುತ್ತದೆ. ಅದಕ್ಕೇ ಎಡಕ್ಕೆ ಬಾಗಿದ ದಾರಿಯಲ್ಲಿ ತಿರುಗುತ್ತ ತಿರುಗುತ್ತ ಬರಬೇಕು, ಕೊನೆಯ ಕ್ಷಣದಲ್ಲಷ್ಟೇ ನೇರವಾಗಬೇಕು. ಕಣ್ಣು ಡೆಕ್‌ನ ಹಿಂಬದಿಯ ಎಡಮೂಲೆಯಲ್ಲಿ ನಿಂತ ಒಬ್ಬ ಮನುಷ್ಯನ ಮೇಲೆ. ಅವನ ಎರಡೂ ಕೈಗಳಲ್ಲಿ ಬಣ್ಣದ ಹಲಗೆಗಳು. ಕೈಗಳು ಭುಜದ ನೇರಕ್ಕೆ ಚಾಚಿದ್ದರೆ ಎಲ್ಲವೂ ಸರಿ. ಮೇಲಕ್ಕೆತ್ತಿದರೆ ನೀನು ತೀರ ಎತ್ತರದಲ್ಲಿದ್ದೀಯೆ, ಕೆಳಗಿಳಿಸಿದರೆ ತೀರ ತಗ್ಗಿನಲ್ಲಿದ್ದೀಯೆ. ಎರಡೂ ಹಲಗೆಗಳನ್ನು ತಲೆಯ ಮೇಲೆ ಬೀಸಿದರೆ ಇಳಿಯಬೇಡ, ಮತ್ತೊಂದು ಸುತ್ತು ಬಾ. ಬಲಗೈ ಹಲಗೆ ಕತ್ತಿನ ಅಡ್ಡಕ್ಕೆ ಹರಿದರೆ ಎಂಜಿನ್ ಶಕ್ತಿ ತಗ್ಗಿಸು, ಇಳಿ. ಅಲ್ಲಿಂದ ಮುಂದೆ ವಿಮಾನ ಹಾರುವುದಿಲ್ಲ, ಬೀಳುತ್ತದೆ. ಬಾಲದ ಕೆಳಗಿನ ಕೊಕ್ಕೆ ತಂತಿಯೊಂದನ್ನು ಹಿಡಿದರೆ ಪೈಲಟ್‌ನ ಎದೆಗೆ ಪಟ್ಟಿ ಕಚ್ಚುವಂಥ ಜಗ್ಗು, ವಿಮಾನ ನಿಂತಿತು. ಹಿಡಿಯದಿದ್ದರೆ ಮುಂದೆ ತಡೆಬಲೆ, ಅದೂ ತಪ್ಪಿದರೆ ನೀರು.

ಕೊನೆಯ ತಿರುವಿನಿಂದ ಕೊಕ್ಕೆ ಸಿಕ್ಕುವವರೆಗೆ ಹೆಚ್ಚೆಂದರೆ ಹದಿನೈದು ಸೆಕೆಂಡು. ಇದನ್ನು ಸಾಮಾನ್ಯವಾಗಿ ಎಂಟು ಸಲ ಮಾಡಿ ತೋರಿಸಿದವನಿಗೆ ಅರ್ಹತೆ ಸಿಗುತ್ತಿತ್ತು. ಮುಂದೆ ಅಮೆರಿಕದ 41ನೆಯ ಅಧ್ಯಕ್ಷರಾದ ಜಾರ್ಜ್ ಎಚ್. ಡಬ್ಲ್ಯೂ. ಬುಷ್ 1943ರ ಆಗಸ್ಟ್‌ನಲ್ಲಿ ಸೇಬಲ್ ಮೇಲೆ ಈ ಪರೀಕ್ಷೆ ಪಾಸಾದಾಗ ಅವರಿಗೆ ಹತ್ತೊಂಬತ್ತು ವರ್ಷ.

ಚಳಿಗಾಲದಲ್ಲೂ ಪಾಠ ನಿಲ್ಲಲಿಲ್ಲ. ನೀರಿಗೆ ಬಿದ್ದರೆ ತಕ್ಷಣ ಹೊರಬರಲೆಂದು ಪೈಲಟ್ ಇಳಿಯುವಾಗ ತಲೆಯ ಮೇಲಿನ ಗಾಜಿನ ಮುಚ್ಚಳವನ್ನು ತೆರೆದೇ ಇಡಬೇಕು. ಉತ್ತರದ ಗಾಳಿ ಮುಖಕ್ಕೇ ಹೊಡೆಯುತ್ತದೆ. ಜನವರಿಯ ಮಿಷಿಗನ್ ನೀರಿನಲ್ಲಿ ಮನುಷ್ಯ ಬದುಕುವುದು ನಿಮಿಷಗಳ ಲೆಕ್ಕ. ಹಡಗಿನ ಹಿಂದೆ ಕರಾವಳಿ ಕಾವಲಿನ ದೋಣಿಗಳು ಸದಾ ಸಿದ್ಧವಾಗಿ ಬರುತ್ತಿದ್ದವು. ಅಪಘಾತಗಳ ಸಂಖ್ಯೆಗೆ ಹೋಲಿಸಿದರೆ ಸಾವು ಕಡಿಮೆಯಾದದ್ದರಲ್ಲಿ ಅವರ ಪಾಲು ದೊಡ್ಡದು.

ಗಾಳಿಯ ಲೆಕ್ಕ

ಈ ಇಡೀ ವ್ಯವಸ್ಥೆಯ ನಿಜವಾದ ಒಡೆಯ ಕಪ್ತಾನನಲ್ಲ, ಗಾಳಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ವಿಮಾನಕ್ಕೆ ಬೇಕಾದ ವೇಗ ಗಾಳಿಗೆ ಹೋಲಿಸಿದ ವೇಗ. ಡೆಕ್‌ಗೆ ಅದು ಬಂದು ತಾಗುವುದು ಡೆಕ್‌ಗೆ ಹೋಲಿಸಿದ ವೇಗದಲ್ಲಿ. ಹಡಗು ಗಾಳಿಗೆ ಎದುರಾಗಿ ಓಡಿದರೆ ಗಾಳಿಯ ವೇಗ ಮತ್ತು ಹಡಗಿನ ವೇಗ ಎರಡೂ ಕೂಡಿ ವಿಮಾನದ ವೇಗದಿಂದ ಕಳೆಯುತ್ತವೆ. ಉದಾಹರಣೆಗೆ ವಿಮಾನ 80 ನಾಟ್ ವೇಗದಲ್ಲಿ ಇಳಿಯುತ್ತಿದೆ ಎಂದುಕೊಳ್ಳೋಣ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್. ಡೆಕ್ ಮೇಲೆ 30 ನಾಟ್ ಎದುರುಗಾಳಿ ಇದ್ದರೆ ತಂತಿ ತಡೆಯಬೇಕಾದದ್ದು 50 ನಾಟ್ ವೇಗವನ್ನು. ಗಾಳಿಯೇ ಇಲ್ಲದ ದಿನ, 18 ನಾಟ್ ಓಡುವ ಹಡಗಿನ ಮೇಲೆ ತಡೆಯಬೇಕಾದದ್ದು 62 ನಾಟ್. ವ್ಯತ್ಯಾಸ ಹನ್ನೆರಡೇ ಎನಿಸಬಹುದು. ಆದರೆ ತಡೆಯಬೇಕಾದ ಶಕ್ತಿ ವೇಗದ ವರ್ಗದಂತೆ ಏರುವುದರಿಂದ ತಂತಿಯ ಮೇಲೆ ಬೀಳುವ ಹೊರೆ ಒಂದೂವರೆ ಪಟ್ಟು.

ಪೆಸಿಫಿಕ್‌ನಲ್ಲಿದ್ದ ದೊಡ್ಡ ವಿಮಾನವಾಹಕಗಳು ತಾವೇ 30 ನಾಟ್‌ಗೂ ಮಿಕ್ಕಿ ಓಡಬಲ್ಲವು, ಗಾಳಿಯ ಹಂಗು ಅವಕ್ಕೆ ಕಡಿಮೆ. ವುಲ್ವರೀನ್ ಮತ್ತು ಸೇಬಲ್ ಓಡುತ್ತಿದ್ದದ್ದು 16ರಿಂದ 18 ನಾಟ್. ಹೆಲ್‌ಕ್ಯಾಟ್, ಕೋರ್ಸೇರ್, ಅವೆಂಜರ್, ಡಾಂಟ್‌ಲೆಸ್‌ನಂಥ ಯುದ್ಧವಿಮಾನಗಳನ್ನು ಇಳಿಸಿಕೊಳ್ಳಲು ಉಳಿದದ್ದನ್ನು ಸರೋವರದ ಗಾಳಿಯೇ ತುಂಬಿಕೊಡಬೇಕು. ಗಾಳಿ ಬೀಸದ ದಿನ ಕೆಲಸವಿಲ್ಲ. ಗಾಳಿ ಸತತ ಕೆಲವು ದಿನ ಸತ್ತರೆ ಗ್ಲೆನ್‌ವ್ಯೂನಲ್ಲಿ ಕಾಯುವವರ ಸಾಲು ಬೆಳೆಯುತ್ತ ಹೋಗುತ್ತಿತ್ತು. ಆಗ ಅಧಿಕಾರಿಗಳು ಹಗುರವಾದ, ನಿಧಾನವಾಗಿ ಇಳಿಯುವ ಎಸ್‌ಎನ್‌ಜೆ ತರಬೇತಿ ವಿಮಾನಗಳನ್ನು ಹೊರತೆಗೆಯುತ್ತಿದ್ದರು. ಪೈಲಟ್‌ಗಳಲ್ಲಿ ಹಲವರು ಆ ವಿಮಾನವನ್ನು ಬಿಟ್ಟು ನಾಲ್ಕೈದು ತಿಂಗಳಾಗಿರುತ್ತಿತ್ತು. ಆದರೂ ಅದರಲ್ಲೇ ಪರೀಕ್ಷೆ ಮುಗಿಸಿ ಮುಂದಕ್ಕೆ ಕಳಿಸುತ್ತಿದ್ದರು. ಇದು ಒಳ್ಳೆಯ ಪರಿಹಾರವಲ್ಲ, ಬೇರೆ ದಾರಿಯೂ ಇರಲಿಲ್ಲ.

ಇನ್ನೊಂದು ತೊಂದರೆ ಡೆಕ್‌ನ ಎತ್ತರ. ವುಲ್ವರೀನ್ ಡೆಕ್ ನೀರಿನಿಂದ ಇಪ್ಪತ್ತಾರು ಅಡಿಯ ಆಸುಪಾಸಿನಲ್ಲಿತ್ತು, ದೊಡ್ಡ ವಿಮಾನವಾಹಕಗಳ ಅರ್ಧಕ್ಕೂ ಕಡಿಮೆ. ಹಾರಿದ ವಿಮಾನ ಡೆಕ್ ಬಿಟ್ಟೊಡನೆ ಸ್ವಲ್ಪ ತಗ್ಗಿ ಆಮೇಲೆ ಏರುತ್ತದೆ. ತಗ್ಗಲು ಇಲ್ಲಿ ಜಾಗವೇ ಕಡಿಮೆ.

ಇವೆಲ್ಲ ನೋಡಿ, ಇವು ನಿಜವಾದ ವಿಮಾನವಾಹಕದ ಬಡ ನಕಲು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎಸೆಕ್ಸ್ ದರ್ಜೆಯ ದೊಡ್ಡ ಹಡಗುಗಳಿಗೆ ಹೋಲಿಸಿದರೆ ಮಾತ್ರ ಅದು ನಿಜ. ಆದರೆ ಯುದ್ಧದ ಕೊನೆಯ ವರ್ಷಗಳಲ್ಲಿ ಸಂಖ್ಯೆಯಲ್ಲಿ ಹೆಚ್ಚು ಇದ್ದದ್ದು ಚಿಕ್ಕ ಬೆಂಗಾವಲು ವಿಮಾನವಾಹಕಗಳು. ಕಾಸಾಬ್ಲಾಂಕ ದರ್ಜೆಯ ಹಡಗುಗಳ ಡೆಕ್ 477 ಅಡಿ, ವೇಗ 19 ನಾಟ್ ಆಸುಪಾಸು. ಸರೋವರದ ಡೆಕ್ ಅವುಗಳಿಗಿಂತ ಉದ್ದ, ವೇಗ ಹೆಚ್ಚುಕಡಿಮೆ ಅಷ್ಟೇ. ಅಂಥ ಹಡಗುಗಳಿಗೆ ಹೋಗಲಿದ್ದ ಹುಡುಗರಿಗೆ ಮಿಷಿಗನ್ ಸರೋವರ ತೋರಿಸಿದ್ದು ನಾಳೆಯ ಕೆಲಸವನ್ನೇ.

ಲೆಕ್ಕದ ಎರಡು ಬದಿ

ಯುದ್ಧ ಮುಗಿಯುವವರೆಗೆ ಈ ಎರಡು ಹಡಗುಗಳ ಮೇಲೆ ಅರ್ಹತೆ ಪಡೆದ ಪೈಲಟ್‌ಗಳು 17,820, ಆದ ಇಳಿತಗಳು ಸುಮಾರು 1,16,000. ಡೆಕ್ ಮೇಲೆ ಕೆಲಸ ಮಾಡುವ ಸಿಬ್ಬಂದಿ, ಹಲಗೆ ಹಿಡಿದು ಸಂಜ್ಞೆ ಕೊಡುವವರು ಕಲಿತದ್ದೂ ಇಲ್ಲಿಯೇ. ಇನ್ನೊಂದು ಬದಿಯಲ್ಲಿ ಇನ್ನೂರಕ್ಕೂ ಹೆಚ್ಚು ಅಪಘಾತಗಳು, ಸರೋವರದ ಪಾಲಾದ ನೂರಿಪ್ಪತ್ತಕ್ಕೂ ಹೆಚ್ಚು ವಿಮಾನಗಳು, ಎಂಟು ಪೈಲಟ್‌ಗಳ ಸಾವು. ಲಕ್ಷಕ್ಕೂ ಮೀರಿದ ಇಳಿತಗಳ ಎದುರು ಎಂಟು ಸಣ್ಣ ಸಂಖ್ಯೆ ಎಂದು ಬರೆಯುವುದು ಸುಲಭ. ಆ ಎಂಟು ಮನೆಗಳಿಗೆ ತಂತಿ ಬಂದದ್ದು ಶತ್ರುವಿನ ಸುಳಿವೇ ಇಲ್ಲದ, ಸ್ವಂತ ದೇಶದ ನಡುವಿನ ಸರೋವರದಿಂದ.

ಎದುರು ಪಾಳೆಯದಲ್ಲಿ ಏನಾಯಿತು ಎಂಬುದನ್ನು ನೋಡದೆ ಈ ಪ್ರಕರಣ ಪೂರ್ತಿಯಾಗುವುದಿಲ್ಲ. ಯುದ್ಧದ ಆರಂಭದಲ್ಲಿ ಜಪಾನಿನ ನೌಕಾ ಪೈಲಟ್‌ಗಳು ಜಗತ್ತಿನ ಶ್ರೇಷ್ಠರ ಸಾಲಿನಲ್ಲಿದ್ದರು. ಜಪಾನ್ ಅವರನ್ನು ಯುದ್ಧರಂಗದಲ್ಲೇ ಉಳಿಸಿಕೊಂಡಿತು, ಅವರು ಅಲ್ಲಿಯೇ ಸತ್ತರು. ಅವರ ಜಾಗಕ್ಕೆ ಬಂದವರಿಗೆ ಕಲಿಯಲು ಸಮಯವೂ ಇರಲಿಲ್ಲ, ಇಂಧನವೂ ಇರಲಿಲ್ಲ, ಕಲಿಸಲು ಹಿರಿಯರೂ ಉಳಿದಿರಲಿಲ್ಲ. 1944ರ ಜೂನ್ 19ರಂದು ಫಿಲಿಪೀನ್ ಸಮುದ್ರದ ಕದನದಲ್ಲಿ ಒಂದೇ ದಿನ ಜಪಾನ್ ಮುನ್ನೂರರಷ್ಟು ವಿಮಾನಗಳನ್ನು ಕಳೆದುಕೊಂಡಿತು. ಬಿತ್ತನೆಯ ಬೀಜ ಉಂಡ ಮನೆಯ ಕಥೆ ಅದು. ಅಮೆರಿಕ ಹೊಡೆದಾಡಿ ಬಂದ ಪೈಲಟ್‌ಗಳನ್ನು, ಕೆಲವು ಸಲ ವಿಮಾನಗಳನ್ನೂ ಹಿಂದಕ್ಕೆ ಕರೆಸಿ ಪಾಠಕ್ಕೆ ಹಚ್ಚಿತು.

ಎರಡೂ ಹಡಗುಗಳನ್ನು 1945ರ ನವೆಂಬರ್ 7ರಂದು ಒಂದೇ ದಿನ ಸೇವೆಯಿಂದ ಬಿಡುಗಡೆ ಮಾಡಿದರು. ವುಲ್ವರೀನ್ 1947ರಲ್ಲಿ, ಸೇಬಲ್ 1948ರಲ್ಲಿ ಗುಜರಿಗೆ ಮಾರಾಟವಾದವು.

2106

ಹಡಗುಗಳು ಉಳಿಯಲಿಲ್ಲ, ಅವುಗಳಿಂದ ಜಾರಿ ಬಿದ್ದ ವಿಮಾನಗಳು ಉಳಿದವು. ತಣ್ಣನೆಯ ಸಿಹಿನೀರು ಅಲ್ಯೂಮಿನಿಯಮ್ಮನ್ನು ಉಪ್ಪುನೀರಿನಂತೆ ತಿನ್ನುವುದಿಲ್ಲ. ಕೆಲವು ದಶಕಗಳಿಂದ ಒಂದೊಂದನ್ನೇ ಮೇಲೆತ್ತುತ್ತಿದ್ದಾರೆ. ಷಿಕಾಗೊದ ಓಹೇರ್ ವಿಮಾನ ನಿಲ್ದಾಣದ ಒಳಗೆ ನಿಲ್ಲಿಸಿರುವ ವೈಲ್ಡ್‌ಕ್ಯಾಟ್ ಎಂಬ ಫೈಟರ್ ವಿಮಾನ ಈ ಸರೋವರದಿಂದಲೇ ಬಂದದ್ದು. ನಮ್ಮವರೆಷ್ಟೋ ಜನ ಮಕ್ಕಳ ಮನೆಗೆಂದು ಹೋಗುವಾಗ ಆ ನಿಲ್ದಾಣದಲ್ಲಿ ಇಳಿಯುತ್ತಾರೆ. ಸಮಯವಿದ್ದರೆ ಎರಡನೆಯ ಟರ್ಮಿನಲ್‌ಗೆ ಹೋಗಿ ನೋಡಬಹುದು. ವಿಂಡಿಕೇಟರ್ ಎಂಬ ಬಾಂಬರ್ ಮಾದರಿಯಲ್ಲಿ ಜಗತ್ತಿನಲ್ಲಿ ಉಳಿದಿರುವ ಒಂದೇ ಒಂದು ವಿಮಾನವೂ ಈ ನೀರಿನಿಂದ ಎದ್ದದ್ದೇ. ಈಚಿನ ವರ್ಷಗಳಲ್ಲಿ ಹೊರಗಿನಿಂದ ಬಂದು ಸರೋವರವನ್ನು ಆವರಿಸಿರುವ ಕ್ವಾಗಾ ಚಿಪ್ಪುಜೀವಿಗಳು ತಳದಲ್ಲಿ ಉಳಿದ ವಿಮಾನಗಳಿಗೆ ಗುಪ್ಪೆಗುಪ್ಪೆಯಾಗಿ ಅಂಟಿ ಲೋಹವನ್ನು ಕೆಡಿಸುತ್ತಿವೆ. ಮೇಲೆತ್ತುವುದಿದ್ದರೆ ತಡಮಾಡುವಂತಿಲ್ಲ.

ನನ್ನನ್ನು ಬಿಡದೆ ಕಾಡುವುದು ಅವುಗಳಲ್ಲಿ ಒಂದು: ಡಾಂಟ್‌ಲೆಸ್ ಬಾಂಬರ್, ಸಂಖ್ಯೆ 2106. 1942ರ ಮಾರ್ಚ್‌ನಲ್ಲಿ ಅದು ಲೆಕ್ಸಿಂಗ್ಟನ್ ಮೇಲಿಂದ ಹಾರಿ ನ್ಯೂಗಿನಿಯ ಲೇ ಮತ್ತು ಸಾಲಮಾವಾ ಮೇಲಿನ ದಾಳಿಗೆ ಹೋಗಿತ್ತು. ಜೂನ್ 4ರಂದು ಪೆಸಿಫಿಕ್‌ನ ಮಿಡ್ವೇ ದ್ವೀಪದ ಕದನದಲ್ಲಿ ಜಪಾನಿನ ಹಿರ್ಯು ಎಂಬ ವಿಮಾನವಾಹಕದ ಮೇಲೆ ಎರಗಿದ ಹದಿನಾರು ಡಾಂಟ್‌ಲೆಸ್‌ಗಳ ತಂಡದಲ್ಲಿತ್ತು. ಅರ್ಧದಷ್ಟೇ ಹಿಂತಿರುಗಿದವು. 2106 ಮೈಯಲ್ಲಿ ಇನ್ನೂರಕ್ಕೂ ಹೆಚ್ಚು ಗುಂಡಿನ ತೂತುಗಳನ್ನು ಹೊತ್ತು ಬಂದು ಒಂದೇ ಚಕ್ರದ ಮೇಲೆ ನೆಲಕ್ಕಿಳಿಯಿತು. ಓಡಿಸುತ್ತಿದ್ದವರು ಡೇನಿಯಲ್ ಐವರ್ಸನ್. ಅವರ ಗಂಟಲಿಗೆ ಕಟ್ಟಿದ್ದ ಮೈಕನ್ನು ಒಂದು ಗುಂಡು ಕಿತ್ತುಕೊಂಡು ಹೋಗಿತ್ತು. ಹಿಂದೆ ಕೂತ ಬಂದೂಕುದಾರ ವ್ಯಾಲೆಸ್ ರೀಡ್ ಗಾಯಗೊಂಡಿದ್ದರು. ಇಬ್ಬರೂ ಬದುಕಿದರು.

ಆಮೇಲೆ ವಿಮಾನವನ್ನೂ ಪೈಲಟನ್ನೂ ದೇಶಕ್ಕೆ ಕರೆಸಿದರು, ಇಬ್ಬರಿಗೂ ಕಲಿಸುವ ಕೆಲಸ. ಐವರ್ಸನ್ ಫ್ಲಾರಿಡಾದಲ್ಲಿ ಬೋಧಕರಾದರು. 1944ರ ಜನವರಿಯಲ್ಲಿ ತರಬೇತಿ ಹಾರಾಟದ ವೇಳೆ ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗಿ ತೀರಿಕೊಂಡರು. 2106ಕ್ಕೆ ತೇಪೆ ಹಾಕಿ ಗ್ಲೆನ್‌ವ್ಯೂಗೆ ಕಳಿಸಿದರು. 1943ರ ಜೂನ್ 11ರಂದು ಸೇಬಲ್ ಮೇಲೆ ಇಳಿಯಲು ಬಂದ ಒಬ್ಬ ಹೊಸ ಪೈಲಟ್‌ನ ಕೈಯಲ್ಲಿ ಅದು ವೇಗ ಕಳೆದುಕೊಂಡು ನೀರಿಗೆ ಬಿತ್ತು. ಹುಡುಗನನ್ನು ದೋಣಿಯವರು ಎತ್ತಿಕೊಂಡರು. ವಿಮಾನ ಮುಳುಗಿತು.

ಐವತ್ತು ವರ್ಷಗಳ ಮೇಲೆ, 1990ರ ದಶಕದ ಮೊದಲರ್ಧದಲ್ಲಿ ಅದನ್ನು ಮೇಲೆತ್ತಿ ತೊಳೆದಾಗ ರೆಕ್ಕೆಯ ಮೇಲೂ ಮೈಮೇಲೂ ಚಿಕ್ಕ ಚಿಕ್ಕ ಲೋಹದ ತೇಪೆಗಳು ಕಂಡವು, ಮಿಡ್ವೇಯ ಗುಂಡಿನ ತೂತುಗಳಿಗೆ ಅಂದು ಹಾಕಿದ್ದವು. ಈಗ ಅದು ಪೆನ್ಸಕೋಲದ ನೌಕಾ ವಾಯುಯಾನ ಸಂಗ್ರಹಾಲಯದಲ್ಲಿದೆ.